ಶೋಕೇಸಿನೊಳಗಿನ ಮೇ ತಿಂಗಳು

ಪಯೋನಿಯರ್ ಕಂಪನಿಯ ಹೋಮ್ ಥಿಯೇಟರ್ ರಿಸೀವರುಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ ಒಂದು ಷರತ್ತಿದೆ. ಸುತ್ತಲಿನ ಉಷ್ಣತೆ 5ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು, ಗಾಳಿಕಿಂಡಿಗಳು ಮುಚ್ಚಿರಬಾರದು. ಇದನ್ನು ಬರೆದವರು ವಾಡಿ ಜಂಕ್ಷನ್ನಿನಲ್ಲಿ ಮೇ ತಿಂಗಳ ಮಧ್ಯಾಹ್ನ ರೈಲಿಗೆ ಕಾದವರಲ್ಲ. ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮನೆಯೊಳಗೆ ಫ್ಯಾನ್ ತಿರುಗುತ್ತಿದ್ದರೂ ಅದು ಬೀಸುವುದು 38-39 ಡಿಗ್ರಿಯ ಗಾಳಿಯನ್ನೇ. ಅಂದರೆ ಆಂಪ್ಲಿಫೈಯರ್‌ನ ಸ್ವಿಚ್ ಒತ್ತುವ ಮೊದಲೇ ಕಂಪನಿಯ ಷರತ್ತು ಮುರಿದಿರುತ್ತದೆ. ಇಷ್ಟರ ಮೇಲೆ ನಾವು ಅದನ್ನು ಒಯ್ದು ಗಾಜಿನ ಬಾಗಿಲಿನ ಶೋಕೇಸಿನೊಳಗೆ ಕೂಡಿಸುತ್ತೇವೆ.

ಕೂಡಿಸದೆ ಎಲ್ಲಿಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ವಾಡಿ, ಶಹಾಬಾದಿನ ಕಾರ್ಮಿಕ ಕ್ವಾರ್ಟರ್ಸುಗಳಲ್ಲಿ ಮುಂದಿನ ಕೋಣೆ ಹತ್ತಡಿಗೆ ಹತ್ತಡಿ ಇದ್ದರೆ ಹೆಚ್ಚು. ಅದರಲ್ಲೇ ದಿವಾನ, ಟಿವಿ, ಹೊಲಿಗೆ ಯಂತ್ರ, ಬಾಗಿಲ ಹಿಂದೆ ತೊಗರಿ ಚೀಲ. ಸೇಡಂ, ಚಿತ್ತಾಪುರದ ಹಳೆಯ ಕಲ್ಲಿನ ಮನೆಗಳಲ್ಲಿ ಗೋಡೆ ದಪ್ಪ, ಕೋಣೆ ಸಣ್ಣದು, ಕಿಟಕಿ ಇನ್ನೂ ಸಣ್ಣದು. ಹೊಸದಾಗಿ ಕಟ್ಟಿಸಿದ ಮನೆಗಳಲ್ಲಿ ಜಾಗ ಇದ್ದರೂ ಪ್ಲೈವುಡ್ಡಿನ ಟಿವಿ ಯುನಿಟ್ ಅದನ್ನು ನುಂಗಿರುತ್ತದೆ. ಕೈಪಿಡಿಗಳು ಮೇಲೆ ಒಂದಡಿ ಬಿಡಿ, ಪಕ್ಕಕ್ಕೆ ಗೇಣುದ್ದ ಬಿಡಿ ಎನ್ನುವಾಗ ನಗು ಬರುತ್ತದೆ. ಅಷ್ಟು ಜಾಗವಿದ್ದರೆ ಇನ್ನೊಂದು ಮಂಚ ಹಾಕುತ್ತಿದ್ದೆವು.

ನನ್ನ ಮಟ್ಟಿಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಎರಡನೆಯ ಪ್ರಶ್ನೆ. ಕಾದ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರವಿದ್ದರೆ ನಾಲ್ಕು ಬೆರಳಿನ ಸಂದಿಯೂ ಸಾಕು. ಇಲ್ಲದಿದ್ದರೆ ಒಂದಡಿ ಬಿಟ್ಟರೂ ಅದು ಮುಚ್ಚಿದ ಡಬ್ಬಿಯೇ.

ಬಿಸಿ ಹುಟ್ಟುವ ಬಗೆ ಮೊದಲು ತಿಳಿಯಲಿ. ಮನೆಗಳಲ್ಲಿ ಹೆಚ್ಚಾಗಿ ಇರುವುದು ಕ್ಲಾಸ್ ಎಬಿ ಎಂಬ ಬಗೆಯ ಆಂಪ್ಲಿಫೈಯರ್. ಅಂಗಡಿಯಲ್ಲಿ ಬೋರ್ಡು ಜೋಡಿಸಿ ಮಾಡಿಕೊಡುವ 5.1 ಡಬ್ಬಿಗಳೂ ಬಹುಪಾಲು ಇದೇ ಜಾತಿ. ಒಳಗೆ ಟಿಡಿಎ 7294 ಐಸಿಯೋ, ಸಿ5200 ಮತ್ತು ಎ1943 ಟ್ರಾನ್ಸಿಸ್ಟರ್ ಜೋಡಿಯೋ ಇರುತ್ತದೆ. ಪೂರ್ತಿ ಶಕ್ತಿಯಲ್ಲಿ ನುಡಿಸಿದಾಗ ಈ ಬಗೆಯ ದಕ್ಷತೆ ಲೆಕ್ಕದ ಪ್ರಕಾರ ಹೆಚ್ಚೆಂದರೆ 78 ಶೇಕಡ. ಆದರೆ ಮನೆಯಲ್ಲಿ ಯಾರೂ ಪೂರ್ತಿ ಶಕ್ತಿಯಲ್ಲಿ ನುಡಿಸುವುದಿಲ್ಲ. ಸಾಮಾನ್ಯ ದನಿಯಲ್ಲಿ ಅದು 30 ಶೇಕಡಕ್ಕೂ ಕೆಳಗಿಳಿಯುತ್ತದೆ. ಉಳಿದದ್ದೆಲ್ಲ ಬಿಸಿ. ಮಲ್ಲಿಕಾರ್ಜುನ ಮನಸೂರರ ವಿಲಂಬಿತ ಖಯಾಲನ್ನು ಮೆಲ್ಲಗೆ ಹಚ್ಚಿಟ್ಟರೂ ಡಬ್ಬಿ ಬೆಚ್ಚಗಾಗುವುದು ಇದೇ ಕಾರಣಕ್ಕೆ. ಏನೂ ನುಡಿಯದೆ ಸುಮ್ಮನೆ ಆನ್ ಇದ್ದರೂ ಅದು ಒಂದಿಷ್ಟು ವಿದ್ಯುತ್ತನ್ನು ಬಿಸಿಯಾಗಿ ಸುಡುತ್ತಲೇ ಇರುತ್ತದೆ.

ಈಗ ಒಂದು ಲೆಕ್ಕ. ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳು, ಅಂದರೆ ಹೀಟ್‌ಸಿಂಕ್, ಪ್ರತಿ ವ್ಯಾಟಿಗೆ ಒಂದು ಡಿಗ್ರಿ ಏರುತ್ತವೆ ಎಂದುಕೊಳ್ಳಿ. ಮಧ್ಯಮ ಗಾತ್ರದ ಆಂಪ್ಲಿಫೈಯರಿಗೆ ಇದು ಒಪ್ಪುವ ಅಂಕಿ. 25 ವ್ಯಾಟ್ ಬಿಸಿ ಹುಟ್ಟಿದರೆ ರೆಕ್ಕೆ ಸುತ್ತಲಿನ ಗಾಳಿಗಿಂತ 25 ಡಿಗ್ರಿ ಮೇಲೆ ನಿಲ್ಲುತ್ತದೆ. 27 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಅದು 52. ಶಹಾಬಾದಿನ 39 ಡಿಗ್ರಿಯ ಹಾಲಿನಲ್ಲಿ 64. ಅದನ್ನೇ ಶೋಕೇಸಿನೊಳಗಿಟ್ಟು ಗಾಜು ಎಳೆದರೆ ಒಳಗಿನ ಗಾಳಿಯೇ 15 ಡಿಗ್ರಿ ಏರಿ, ರೆಕ್ಕೆ 79ಕ್ಕೆ ಮುಟ್ಟುತ್ತದೆ. ಯಂತ್ರ ಅದೇ, ಹಾಡು ಅದೇ, ದನಿಯೂ ಅದೇ. ಶೋಕೇಸಿನೊಳಗೆ ನಾವು ಇನ್ನೊಂದು ಮೇ ತಿಂಗಳನ್ನು ಕೂಡಿಸಿದ್ದೇವೆ, ಅಷ್ಟೆ.

79 ಡಿಗ್ರಿಗೆ ಟ್ರಾನ್ಸಿಸ್ಟರ್ ಸಾಯುವುದಿಲ್ಲ. ಅದರೊಳಗಿನ ಸಿಲಿಕಾನ್ 150 ಡಿಗ್ರಿಯವರೆಗೆ ತಾಳುತ್ತದೆ. ಟಿಡಿಎ 7294ರಂಥ ಐಸಿಗಳು ಸುಮಾರು 145ಕ್ಕೆ ತಾವೇ ದನಿ ನಿಲ್ಲಿಸಿ ಜೀವ ಉಳಿಸಿಕೊಳ್ಳುತ್ತವೆ. "ಅರ್ಧ ತಾಸು ಛಲೋ ನಡೀತದರೀ, ಆಮೇಲೆ ತಾನೇ ಬಂದ್ ಆಗ್ತದ, ಸ್ವಲ್ಪ ಹೊತ್ತು ಬಿಟ್ಟು ಮತ್ತ ಚಾಲೂ ಆಗ್ತದ" ಎಂದು ರಿಪೇರಿಗೆ ತಂದವರು ಹೇಳಿದರೆ ಅನೇಕ ಸಲ ಅದು ರೋಗವಲ್ಲ, ರಕ್ಷಣೆ.

ಸದ್ದಿಲ್ಲದೆ ಸಾಯುವುದು ಕೆಪಾಸಿಟರ್. ಪವರ್ ಸಪ್ಲೈನಲ್ಲಿ ನಿಂತಿರುವ ದಪ್ಪ ಉರುಟು ಡಬ್ಬಿಗಳು ಅವು. ಒಳಗಿನ ದ್ರಾವಣ ಬಿಸಿಗೆ ನಿಧಾನವಾಗಿ ಆರುತ್ತದೆ. ಅವುಗಳಿಗೆ ಒಂದು ರೂಢಿಯ ಲೆಕ್ಕವಿದೆ: ಹತ್ತು ಡಿಗ್ರಿ ಇಳಿದರೆ ಆಯುಷ್ಯ ಇಮ್ಮಡಿ, ಹತ್ತು ಏರಿದರೆ ಅರ್ಧ. ಮೈಮೇಲೆ 85 ಡಿಗ್ರಿ ಎಂದು ಬರೆದ, 2000 ಗಂಟೆ ಬಾಳಿಕೆಯ ಅಗ್ಗದ ಕೆಪಾಸಿಟರ್ 65 ಡಿಗ್ರಿಯಲ್ಲಿ 8000 ಗಂಟೆ ಬರುತ್ತದೆ. ದಿನಕ್ಕೆ ನಾಲ್ಕು ತಾಸು ಕೇಳುವ ಮನೆಯಲ್ಲಿ ಅದು ಐದೂವರೆ ವರ್ಷ. ಅದೇ 55ರಲ್ಲಿ ಇಟ್ಟರೆ ಹನ್ನೊಂದು ವರ್ಷ, 75ಕ್ಕೆ ಏರಿಸಿದರೆ ಮೂರು ವರ್ಷವೂ ತುಂಬುವುದಿಲ್ಲ. ವರ್ಷವಿಡೀ ಮೇ ತಿಂಗಳೇ ಇರುವುದಿಲ್ಲವಾದ್ದರಿಂದ ಲೆಕ್ಕ ಒರಟೇ. ಆದರೂ ಬೋರ್ಡು ತಗೊಳ್ಳುವಾಗ ಅಂಗಡಿಯವರಿಗೆ "105ರ ಕೆಪಾಸಿಟರ್ ಹಾಕ್ರಿ" ಎಂದು ಕೇಳಿ ಹಾಕಿಸಿಕೊಳ್ಳುವುದು ಈ ಸೀಮೆಯಲ್ಲಿ ಚೌಕಾಶಿ ಮಾಡಬಾರದ ಖರ್ಚು.

ಹಾಗಾದರೆ ಎಷ್ಟು ಗಾಳಿ ಬೇಕು? ಬಹಳ ಬೇಡ. ಡಬ್ಬಿ ಒಟ್ಟು 60 ವ್ಯಾಟ್ ಬಿಸಿ ಬಿಡುತ್ತಿದ್ದು, ಕಪಾಟಿನೊಳಗಿನ ಗಾಳಿ ಹೊರಗಿಗಿಂತ ಹತ್ತು ಡಿಗ್ರಿಗಿಂತ ಹೆಚ್ಚು ಏರಬಾರದು ಎಂದರೆ ಸೆಕೆಂಡಿಗೆ ಸುಮಾರು ಐದು ಲೀಟರ್ ಗಾಳಿ ಸಾಗಬೇಕು. ಫ್ಯಾನಿಲ್ಲದೆ, ಬಿಸಿ ಗಾಳಿ ತಾನೇ ಮೇಲೇರುವ ಬಲದಿಂದಲೇ ಇಷ್ಟು ಸಾಗಿಸಬಹುದು. ಕಪಾಟಿನ ತಳದಲ್ಲಿ ಒಂದು ಕಿಂಡಿ, ಅದಕ್ಕಿಂತ ಅರ್ಧ ಮೀಟರ್ ಮೇಲೆ ಇನ್ನೊಂದು, ತಲಾ ಸುಮಾರು 15 ಸೆಂಟಿಮೀಟರ್ ಉದ್ದಗಲ. ಅಂದರೆ ಒಂದೊಂದೂ 220 ಚದರ ಸೆಂಟಿಮೀಟರಿನ ಆಸುಪಾಸು. ಈಗ ನಿಮ್ಮ ಟಿವಿ ಯುನಿಟ್ಟಿನ ಬೆನ್ನು ನೋಡಿ. ವೈರು ಹಾಯಿಸಲು ಬಡಿಗರು ಕೊರೆದ ಎರಡಿಂಚಿನ ದುಂಡು ತೂತಿನ ವಿಸ್ತೀರ್ಣ 20 ಚದರ ಸೆಂಟಿಮೀಟರ್. ಬೇಕಾದ್ದರ ಹತ್ತನೆಯ ಒಂದು ಪಾಲೂ ಇಲ್ಲ. ಅದರಲ್ಲೂ ಅರ್ಧವನ್ನು ವೈರುಗಳೇ ಮುಚ್ಚಿರುತ್ತವೆ. "ಗಾಳಿಗೆ ತೂತು ಬಿಟ್ಟೀವಲ್ರೀ" ಎನ್ನುವ ಬಡಿಗರ ಮಾತು ಸುಳ್ಳಲ್ಲ, ಅಳತೆ ತಪ್ಪು.

ಎರಡು ಕಿಂಡಿ ಬೇಕು, ಒಂದು ಕೆಳಗೆ ಒಂದು ಮೇಲೆ ಎಂಬುದು ಈ ಊರುಗಳಿಗೆ ಹೊಸ ವಿದ್ಯೆಯೂ ಅಲ್ಲ. ಹಳೆಯ ಮಾಳಿಗೆ ಮನೆಗಳ ಅಡುಗೆ ಕೋಣೆಯ ಛತ್ತಿನಲ್ಲಿ ಬೆಳಕಿಂಡಿ ಇರುತ್ತಿತ್ತು. ಬಾಗಿಲಿನ ತಂಪು ಗಾಳಿ ಒಳಗೆ ಬಂದು, ಒಲೆಯ ಹೊಗೆಯನ್ನು ಎತ್ತಿಕೊಂಡು ಅಲ್ಲಿಂದ ಹೊರಗೆ ಹೋಗುತ್ತಿತ್ತು. ಬೆಳಕಿಂಡಿಗೆ ಮಳೆಗಾಲದಲ್ಲಿ ಫರ್ಸಿ ಕಲ್ಲು ಮುಚ್ಚಿದಾಗ ಬಾಗಿಲು ತೆರೆದಿದ್ದರೂ ಮನೆ ತುಂಬ ಹೊಗೆ. ಶೋಕೇಸಿನ ಮುಂದಿನ ಗಾಜನ್ನು ಅರ್ಧ ಸರಿಸಿ ಗಾಳಿ ಬಿಟ್ಟೆವು ಎನ್ನುವವರು ಮಾಡುತ್ತಿರುವುದು ಇದನ್ನೇ. ಅರ್ಧ ಸರಿಸಿದ ಗಾಜಿನಿಂದ ಒಂದಿಷ್ಟು ಬಿಸಿ ಹೋಗುತ್ತದೆ ನಿಜ, ಆದರೆ ಮೇಲಿನ ಹಲಗೆಗೆ ತಾಗಿದ ಗಾಳಿ ಅಲ್ಲೇ ಕೂತಿರುತ್ತದೆ. ವಾಲ್ವ್ ರೇಡಿಯೊ ಕಾಲದ ಹಿರಿಯರಿಗೆ ಇದು ತಿಳಿದಿತ್ತು. ಆ ರೇಡಿಯೊಗಳ ಬೆನ್ನಿನ ರಟ್ಟಿಗೆ ಸಾಲಾಗಿ ತೂತುಗಳಿರುತ್ತಿದ್ದವು. ಅದನ್ನು ಗೋಡೆಗೆ ಒರಗಿಸಿ ಇಡುತ್ತಿರಲಿಲ್ಲ.

ಕಡಿಮೆ ಕೆಲಸದ ಪರಿಹಾರ ಬೆನ್ನಿನ ಹಲಗೆ ಕಳಚುವುದು. ಶೋಕೇಸಿನ ಹಿಂದಿನ ತೆಳು ಪ್ಲೈವುಡ್ ಬರೀ ಅಂದಕ್ಕೆ ಹೊಡೆದದ್ದು, ಭಾರ ಹೊರುವುದಿಲ್ಲ. ಆಂಪ್ಲಿಫೈಯರ್ ಇರುವ ಖಾನೆಯಷ್ಟಾದರೂ ಅದನ್ನು ತೆಗೆದು, ಇಡೀ ಯುನಿಟ್ಟನ್ನು ಗೋಡೆಯಿಂದ ಮೂರಿಂಚು ಮುಂದೆ ಎಳೆದರೆ ಅರ್ಧಕ್ಕರ್ಧ ಸಮಸ್ಯೆ ಹೋದಂತೆ. ಆ ಮೂರಿಂಚಿನ ಸಂದಿಯೇ ಚಿಮಣಿಯಾಗುತ್ತದೆ. ಗೋಡೆಗೇ ಸಿಮೆಂಟಿನಲ್ಲಿ ಕಟ್ಟಿದ ಶೋಕೇಸಾದರೆ ಬೆನ್ನು ಕಳಚಲಾಗದು. ಅಲ್ಲಿ ಗಾಜಿನ ಬಾಗಿಲನ್ನು ಒಂದು ಖಾನೆಗಷ್ಟೇ ಶಾಶ್ವತವಾಗಿ ತೆಗೆದುಬಿಡಿ. ಮನೆಯವರು ಧೂಳಿನ ಮಾತು ಎತ್ತುತ್ತಾರೆ. ಧೂಳಿಗೆ ಬೇರೆ ಉತ್ತರವಿದೆ, ಆಮೇಲೆ ಬರುತ್ತೇನೆ.

ಕಲ್ಲಿನ ಗೋಡೆಯ ಮಾಡ ಕೊಂಚ ಬೇರೆ ಪ್ರಕರಣ. ಸೇಡಂ, ಚಿತ್ತಾಪುರದ ಹಳೇ ಮನೆಗಳಲ್ಲಿ ದೀಪಕ್ಕೆಂದು, ಪುಸ್ತಕಕ್ಕೆಂದು ಬಿಟ್ಟ ಮಾಡಗಳಲ್ಲಿ ಈಗ ಸೆಟ್‌ಟಾಪ್ ಬಾಕ್ಸು, ಆಂಪ್ಲಿಫೈಯರು ಕೂತಿವೆ. ಐದೂ ಕಡೆ ಮುಚ್ಚಿ ಮುಂದೆ ಮಾತ್ರ ತೆರೆದ ಜಾಗ ಅದು. ಮೇಲ್ಗಡೆ ಕಮಾನಿದ್ದರೆ ಬಿಸಿ ಗಾಳಿ ಅಲ್ಲೇ ತುಂಬಿ ನಿಲ್ಲುತ್ತದೆ. ಆದರೆ ಕಲ್ಲಿಗೆ ಒಂದು ಗುಣವಿದೆ. ಸುಣ್ಣಕಲ್ಲು ಬಿಸಿಯನ್ನು ಪ್ಲೈವುಡ್ಡಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸರಾಗವಾಗಿ ಎಳೆದುಕೊಳ್ಳುತ್ತದೆ, ಎರಡಡಿ ದಪ್ಪದ ಗೋಡೆ ಅದನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಒಂದೆರಡು ತಾಸು ಕೇಳುವವರಿಗೆ ಕಲ್ಲಿನ ಮಾಡ ಪ್ಲೈವುಡ್ ಪೆಟ್ಟಿಗೆಗಿಂತ ಎಷ್ಟೋ ವಾಸಿ. ಷರತ್ತು ಎರಡು. ಮಾಡದ ಎತ್ತರ ಡಬ್ಬಿಯ ಎತ್ತರದ ಎರಡರಷ್ಟಾದರೂ ಇರಬೇಕು. ಗೋಡೆ ಪಡುವಣದ್ದಾಗಿರಬಾರದು. ಪಡುವಣದ ಗೋಡೆ ಮಧ್ಯಾಹ್ನದ ಬಿಸಿಲನ್ನು ನುಂಗಿ, ನೀವು ಊಟ ಮುಗಿಸಿ ಹಾಡು ಹಚ್ಚುವ ಹೊತ್ತಿಗೋ ನಡುರಾತ್ರಿಗೋ ಒಳಮೈಯಿಂದ ಕಕ್ಕಲು ಶುರುಮಾಡುತ್ತದೆ. ಡಬ್ಬಿ ಮಾಡದ ಅಂಚಿನಿಂದ ಎರಡಿಂಚು ಮುಂದಕ್ಕೆ ಚಾಚಿ ನಿಂತರೆ ನೋಡಲು ಚೆಂದವಿಲ್ಲ, ಯಂತ್ರಕ್ಕೆ ಹಿತ.

ಸಜ್ಜಾದ ಮೇಲೆ ಮಾತ್ರ ಬೇಡ. ಜಾಗ ಉಳಿಯುತ್ತದೆ, ಮಕ್ಕಳ ಕೈಗೆ ಸಿಗುವುದಿಲ್ಲ ಎಂದು ಅನೇಕರು ಅಲ್ಲಿಡುತ್ತಾರೆ. ಆರ್‌ಸಿಸಿ ಛತ್ತು ಮಧ್ಯಾಹ್ನ ಕುಡಿದ ಬಿಸಿಲನ್ನು ಮೂರ್ನಾಲ್ಕು ತಾಸು ತಡವಾಗಿ ಕೆಳಗೆ ಬಿಡುತ್ತದೆ. ಸಂಜೆ ಆರರ ಸುಮಾರಿಗೆ, ಜನ ಕೆಲಸದಿಂದ ಬಂದು ಹಾಡು ಹಚ್ಚುವ ಹೊತ್ತಿಗೆ ಸರಿಯಾಗಿ, ಮನೆಯಲ್ಲೇ ಅತಿ ಕಾದ ಗಾಳಿ ಆ ಸಜ್ಜಾದ ಮೇಲಿರುತ್ತದೆ.

ಒಳ್ಳೆಯ ಜಾಗ ಕೆಳಗೆ, ನೆಲದ ಹತ್ತಿರ ಇದೆ. ಶಹಾಬಾದ್ ಕಲ್ಲು ಹಾಸಿದ ನೆಲ ಮನೆಯ ಅತಿ ತಂಪು ಭಾಗ. ಬೇಸಿಗೆಯ ಮಧ್ಯಾಹ್ನ ಹಿರಿಯರು ಚಾಪೆಯನ್ನೂ ಸರಿಸಿ ಬರೀ ಫರ್ಸಿಯ ಮೇಲೆ ಒರಗುವುದು ಸುಮ್ಮನೆ ಅಲ್ಲ. ಆದರೆ ನೇರ ನೆಲಕ್ಕೇ ಇಟ್ಟರೆ ಒರೆಸುವ ನೀರು, ಕಸಬರಿಗೆಯ ಧೂಳು, ಇರುವೆ ಎಲ್ಲವೂ ಅದರ ಪಾಲಿಗೆ. ನಾಲ್ಕು ಇಟ್ಟಿಗೆ ಇಟ್ಟು, ಅದರ ಮೇಲೆ ಎರಡಡಿ ಚೌಕದ ಒಂದಿಂಚು ದಪ್ಪದ ಫರ್ಸಿ ಹಾಸಿ, ಅದರ ಮೇಲೆ ಕೂಡಿಸಿ. ಅಂಥ ಕಲ್ಲು ಸುಮಾರು 25 ಕಿಲೊ ತೂಗುತ್ತದೆ, ಅಲುಗುವುದಿಲ್ಲ. ಶಹಾಬಾದಿನಲ್ಲಿ ಒಡೆದ ಫರ್ಸಿಗೆ ಬರಗಾಲವಿಲ್ಲ. ದಿವಾನದ ಪಕ್ಕದ ಮೂಲೆ, ಹೊಲಿಗೆ ಯಂತ್ರದ ಕೆಳಗಿನ ಜಾಗ, ಇಂಥ ಕಡೆ ಇದು ಹಿಡಿಸುತ್ತದೆ. ಮೇಲೆ ತೆರೆದಿದೆಯೇ ಎಂದಷ್ಟೇ ನೋಡಿಕೊಳ್ಳಿ. ಜಾಗ ಉಳಿಸಲು ಡಬ್ಬಿಯನ್ನು ಪಕ್ಕಕ್ಕೆ ಒರಗಿಸಿ ನಿಲ್ಲಿಸುವವರಿದ್ದಾರೆ. ಹೀಟ್‌ಸಿಂಕಿನ ರೆಕ್ಕೆಗಳು ಲಂಬವಾಗಿದ್ದಾಗ ಮಾತ್ರ ಅವುಗಳ ನಡುವೆ ಗಾಳಿ ಏರುತ್ತದೆ. ಅಡ್ಡ ಮಲಗಿಸಿದರೆ ಪ್ರತಿ ಸಂದಿಯೂ ಮುಚ್ಚಿದ ಗಲ್ಲಿಯೇ.

ಇನ್ನು ಕೂಲರ್. ಕಲಬುರಗಿ ಸೀಮೆಯ ಬೇಸಿಗೆ ಎಂದರೆ ನೀರಿನ ಕೂಲರಿನ ಭರ್ರನೆ ಸದ್ದು. ತಂಪು ಗಾಳಿ ಬರುತ್ತದಲ್ಲ ಎಂದು ಆಂಪ್ಲಿಫೈಯರನ್ನು ಅದರ ಎದುರಿಗಿಟ್ಟರೆ ಕೆಡುಕು ಎರಡು. ಒಂದು, ಆ ಗಾಳಿ ತೇವದಿಂದ ಭಾರವಾಗಿರುತ್ತದೆ. ಆ ತೇವ ಕೂಡುವುದು ಇಲ್ಲಿನ ಧೂಳಿನ ಜೊತೆ: ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್ ತುಂಬ ಕಲ್ಲು ಪಾಲಿಶ್ ಯಂತ್ರಗಳು. ಸುಣ್ಣಕಲ್ಲಿನ ನಸು ಬಿಳಿ ಪುಡಿ ಇಲ್ಲಿನ ಕಿಟಕಿಕಟ್ಟೆಗಳಿಗೆ ಹೊಸತಲ್ಲ. ಒಣ ಧೂಳನ್ನು ಬ್ರಷ್ಷಿನಿಂದ ಉದುರಿಸಬಹುದು. ಅದಕ್ಕೆ ದಿನವೂ ತೇವ ತಾಗಿದರೆ ಬೋರ್ಡಿನ ಮೇಲೆ ಲೇಪದಂತೆ ಗಟ್ಟಿಯಾಗುತ್ತದೆ, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಒದ್ದೆಯಿದ್ದಾಗ ಕರೆಂಟು ಸೋರಲು ದಾರಿಯನ್ನೂ ಕೊಡುತ್ತದೆ. ಎರಡನೆಯದು ಹೆಚ್ಚು ಸ್ವಾರಸ್ಯದ್ದು. ಕೂಲರ್ ಸದ್ದಿನಲ್ಲಿ ಹಾಡು ಕೇಳಿಸದೆ ನಾವು ದನಿ ಏರಿಸುತ್ತೇವೆ. ಆರು ಡೆಸಿಬೆಲ್ ಏರಿಸಿದರೆ, ಕಿವಿಗೆ ಅದು ಬಹಳವೇನಲ್ಲ, ಆಂಪ್ಲಿಫೈಯರ್ ಕೊಡಬೇಕಾದ ಶಕ್ತಿ ನಾಲ್ಕು ಪಟ್ಟು. ಅದು ಜಾಲದಿಂದ ಎಳೆಯುವ ವಿದ್ಯುತ್ತೂ ಬಿಸಿಯೂ, ಸುಮ್ಮನಿದ್ದಾಗಿನ ಪಾಲು ಬಿಟ್ಟರೆ, ಹತ್ತಿರಹತ್ತಿರ ಇಮ್ಮಡಿ. ವರ್ಷದ ಅತಿ ಕಾದ ದಿನಗಳಲ್ಲೇ ಯಂತ್ರ ಅತಿ ಹೆಚ್ಚು ದುಡಿಯುತ್ತದೆ. ಇದಕ್ಕೆ ಕಪಾಟು ಬದಲಿಸುವುದಕ್ಕಿಂತ ಸುಲಭದ ಉಪಾಯ ಸ್ಪೀಕರನ್ನು ಕೂತಲ್ಲಿಗೆ ಹತ್ತಿರ ತರುವುದು. ಬಯಲಿನಲ್ಲಿ ದೂರ ಅರ್ಧವಾದರೆ ಅದೇ ಆರು ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಗೋಡೆಗಳ ನಡುವೆ ಅದಕ್ಕಿಂತ ಕಡಿಮೆ, ಆದರೂ ಲಾಭವೇ.

ಹೆಚ್ಚುವರಿ ಬಾಕ್ಸುಗಳ ಆಸೆಯೂ ಹೀಗೇ ಬಿಸಿ ಏರಿಸುತ್ತದೆ. ಹಾಲಿನಲ್ಲೊಂದು ಜೋಡಿ, ಅಂಗಳದ ಗೋಡೆಗೊಂದು ಜೋಡಿ ಎಂದು ಎರಡು ಎಂಟು ಓಮಿನ ಬಾಕ್ಸುಗಳನ್ನು ಒಂದೇ ಟರ್ಮಿನಲ್ಲಿಗೆ ಬಿಗಿದರೆ ಆಂಪ್ಲಿಫೈಯರಿಗೆ ಕಾಣುವುದು ನಾಲ್ಕು ಓಮ್. ಅದೇ ದನಿಯ ಗುಂಡಿಯಲ್ಲಿ ಕರೆಂಟು ಎರಡರಷ್ಟು. ನಾಲ್ಕು ಓಮಿಗೆ ಒಪ್ಪಿಗೆ ಇದೆಯೇ ಎಂಬುದು ಡಬ್ಬಿಯ ಬೆನ್ನ ಮೇಲೇ ಬರೆದಿರುತ್ತದೆ. ಸ್ಟೆಬಿಲೈಸರ್ ಬೇಕಾದ ಮನೆಗಳಲ್ಲಿ ಅದು ಇರಲಿ, ಬೇಸಿಗೆಯಲ್ಲಿ ಜೆಸ್ಕಾಂ ವೋಲ್ಟೇಜು ಸಂಜೆಗೆ ಕುಗ್ಗಿ ನಡುರಾತ್ರಿ ಉಬ್ಬುವುದು ಇಲ್ಲಿನವರಿಗೆ ಗೊತ್ತು. ಆದರೆ ಅದೂ ಬಿಸಿಯಾಗುವ ಯಂತ್ರವೇ. ಅದೇ ಖಾನೆಯಲ್ಲಿ, ಆಂಪ್ಲಿಫೈಯರಿನ ಕೆಳಗೆ ಅದನ್ನಿಟ್ಟರೆ ಕೆಳಗಿನ ಬಿಸಿಯೆಲ್ಲ ಮೇಲಿನವನ ಪಾಲಿಗೆ. ಆಂಪ್ಲಿಫೈಯರ್ ಮೇಲೆ ಕೂತ ಸೆಟ್‌ಟಾಪ್ ಬಾಕ್ಸ್ ಮತ್ತು ಅತ್ತೆ ಹೆಣೆದ ಕ್ರೋಶಾ ಹೊದಿಕೆ ಇವೆರಡರ ಬಗ್ಗೆ ಹೇಳಬೇಕಾಗಿಲ್ಲ. ಹೊದಿಕೆ ಒಳ್ಳೆಯದೇ, ಆಫ್ ಮಾಡಿ ಆರಿದ ಮೇಲೆ ಹಾಕಲಿ.

ಬೇರೆ ದಾರಿಯೇ ಇಲ್ಲ, ಮುಚ್ಚಿದ ಜಾಗವೇ ಗತಿ ಎಂದರೆ ಆಗ ಫ್ಯಾನ್. ಕಂಪ್ಯೂಟರಿನ 12 ವೋಲ್ಟಿನ ಫ್ಯಾನ್ ಸಾಕು; 80 ಮಿಲಿಮೀಟರಿನದಕ್ಕಿಂತ 120ರದು ಲೇಸು. ದೊಡ್ಡದು ನಿಧಾನ ತಿರುಗಿಯೂ ಸಾಕಷ್ಟು ಗಾಳಿ ತಳ್ಳುತ್ತದೆ, ಸದ್ದಿಲ್ಲ. ಅದನ್ನು ಏಳರಿಂದ ಒಂಬತ್ತು ವೋಲ್ಟಿನ ಅಡಾಪ್ಟರಿನಲ್ಲಿ ಓಡಿಸಿ. ಬೇಕಾದ ಐದು ಲೀಟರು ಅದಕ್ಕೆ ಮಕ್ಕಳಾಟ. ಸಾಮಾನ್ಯ ಸಲಹೆ ಎಂದರೆ ಮೇಲ್ಗಡೆ ಫ್ಯಾನಿಟ್ಟು ಬಿಸಿ ಗಾಳಿಯನ್ನು ಹೊರಗೆ ಎಳೆಯುವುದು. ಧೂಳಿನ ಊರಿಗೆ ನನಗೆ ಇದು ಒಪ್ಪಿಗೆಯಿಲ್ಲ. ಒಳಗಿಂದ ಎಳೆದರೆ ಪ್ರತಿ ಸಂದಿ, ಪ್ರತಿ ಬಿರುಕಿನಿಂದ ಧೂಳು ಒಳಗೆ ನುಗ್ಗುತ್ತದೆ. ಬದಲಿಗೆ ಕೆಳಗಿನ ಕಿಂಡಿಯಲ್ಲಿ ಫ್ಯಾನಿಟ್ಟು ಗಾಳಿಯನ್ನು ಒಳಗೆ ತಳ್ಳಿ, ಅದರ ಮುಂದೆ ತೆಳ್ಳನೆ ಸ್ಪಂಜಿನ ಜರಡಿ ಹಚ್ಚಿ. ಆಗ ಗಾಳಿ ಬರುವ ಬಾಗಿಲು ಒಂದೇ, ಅದಕ್ಕೆ ಕಾವಲೂ ಇದೆ. ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ತೆರೆದ ಖಾನೆಯ ಧೂಳಿಗೆ ಉತ್ತರ ತಿಂಗಳಿಗೊಮ್ಮೆ ಒಣ ಬ್ರಷ್ಷು. ಪ್ಲಗ್ ಕಿತ್ತು, ಒದ್ದೆ ಬಟ್ಟೆ ಮುಟ್ಟಿಸದೆ. ಜರಡಿಯನ್ನೂ ಅದೇ ದಿನ ತೊಳೆದು ಪೂರ್ತಿ ಒಣಗಿಸಿ ಹಾಕಿ. ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ ಸಿಮೆಂಟಿನ ಧೂಳಿಗಿಂತ ಹಲ್ಲಿ, ಹುಳಗಳ ಕಾಟ ದೊಡ್ಡದು. ಬೆಚ್ಚಗಿನ ಡಬ್ಬಿ ಹಲ್ಲಿಗೆ ಇಷ್ಟ. ಎರಡು ಟರ್ಮಿನಲ್ಲಿನ ನಡುವೆ ಅದು ಮೈ ಚಾಚಿದರೆ ಹಲ್ಲಿಯೂ ಹೋಯಿತು, ಫ್ಯೂಸೂ ಹೋಯಿತು. ಅಲ್ಲಿ ಕಪಾಟಿನ ಕಿಂಡಿಗಳಿಗೆ ಸೊಳ್ಳೆ ಜಾಲರಿ ಹಚ್ಚಬೇಕು. ಜಾಲರಿ ಗಾಳಿಯನ್ನು ತಡೆಯುವುದರಿಂದ ಕಿಂಡಿಯನ್ನು ಒಂದೂವರೆಪಟ್ಟು ದೊಡ್ಡದು ಮಾಡಿಸಿ.

ಹೊಸದು ಕೊಳ್ಳುವವರಿಗೆ ನೇರ ಮಾತು: ಜಾಗವಿಲ್ಲದಿದ್ದರೆ ಕ್ಲಾಸ್ ಡಿ ಆಂಪ್ಲಿಫೈಯರ್ ತಗೊಳ್ಳಿ. ಅದರ ದಕ್ಷತೆ 85ರಿಂದ 90 ಶೇಕಡ, ಅಂಗೈಯಗಲದ ಡಬ್ಬಿಯಲ್ಲಿ 50 ವ್ಯಾಟ್ ಬರುತ್ತದೆ, ಬಿಸಿ ಬೆರಳಿಗೆ ಸಿಕ್ಕರೆ ಸಿಕ್ಕಿತು. ಹಳೆಯ ರಸಿಕರು ಅದರ ದನಿಗೆ ಮೂಗು ಮುರಿಯುತ್ತಾರೆ. 43 ಡಿಗ್ರಿಯಲ್ಲಿ ಬೆವರುತ್ತ ಕೇಳುವಾಗ ಆ ವ್ಯತ್ಯಾಸ ಹಿಡಿಯಬಲ್ಲ ಕಿವಿಗೆ ನನ್ನ ನಮಸ್ಕಾರ.

ಮಾಡಿದ ವ್ಯವಸ್ಥೆ ಸರಿಯಿದೆಯೇ ಎಂದು ಪರೀಕ್ಷಿಸುವುದು ಮೇ ತಿಂಗಳ ಸಂಜೆ ನಾಲ್ಕಕ್ಕೆ. ಫೆಬ್ರುವರಿಯಲ್ಲಿ ಎಲ್ಲ ಯಂತ್ರವೂ ಜಾಣವೇ. ಒಂದು ತಾಸು ನಿಮ್ಮ ಎಂದಿನ ದನಿಯಲ್ಲಿ ನುಡಿಸಿ, ಡಬ್ಬಿಯ ಮೇಲಿನ ತಗಡಿನ ಮೇಲೆ ಅಂಗೈ ಊರಿ. ಐದಾರು ಸೆಕೆಂಡು ತಾಳಿಕೊಳ್ಳಲು ಆದರೆ ಅದು 55ರ ಒಳಗಿದೆ, ಚಿಂತೆಯಿಲ್ಲ. ತಟ್ಟನೆ ಕೈ ತೆಗೆಯಬೇಕೆನಿಸಿದರೆ 60 ದಾಟಿದೆ. ಕಿಂಡಿ ದೊಡ್ಡದು ಮಾಡಿಸಿ. ವೈರಿನ ತುದಿಗೆ ಮೊಳೆಯಂಥ ಸೆನ್ಸರ್ ಇರುವ ಫ್ರಿಜ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಖಾನೆಯ ಮೇಲ್ಭಾಗದಲ್ಲಿ ತೂಗಿಬಿಟ್ಟು, ಕೋಣೆಯ ಉಷ್ಣತೆಗಿಂತ ಹತ್ತು ಡಿಗ್ರಿ ಮೀರುತ್ತಿದೆಯೇ ಎಂದು ನೋಡಿದರಾಯಿತು.

ಇಷ್ಟೆಲ್ಲ ಮಾಡಿದ ಮೇಲೂ, ಡಿಸೆಂಬರಿನ ತಣ್ಣನೆ ರಾತ್ರಿಯಲ್ಲಿ, ಬಾಗಿಲು ತೆಗೆದ ಖಾನೆಯಲ್ಲಿ, ಹಾಡು ಹಚ್ಚಿದ ಎರಡೇ ನಿಮಿಷಕ್ಕೆ ಡಬ್ಬಿ ಬಂದ್ ಆಗುತ್ತಿದ್ದರೆ ಗಾಳಿಯನ್ನು ಬೈಯಬೇಡಿ. ಹಿಂದೆ ಬಗ್ಗಿ ಸ್ಪೀಕರ್ ವೈರುಗಳನ್ನು ನೋಡಿ. ಕೂದಲಿನಷ್ಟು ಸಣ್ಣ ತಾಮ್ರದ ಎಳೆಯೊಂದು ಕೆಂಪು ಟರ್ಮಿನಲ್ಲಿನಿಂದ ಕಪ್ಪಿಗೆ ತಾಗಿರುತ್ತದೆ.